ಔಷಧಿ ಅಂಗಡಿಯಲ್ಲಿ ಮೊದಲು ಯಾರು ಮಾತಾಡಬೇಕು?

ಪ್ರಶ್ನೆ: ನಾನು ಫಾರ್ಮಸಿಸ್ಟ್. ‘ದಿನಕ್ಕೆ ಎರಡು, ಊಟ ಆದ ಮೇಲೆ’ ಅಂತ ಎಲ್ಲರಿಗೂ ಬಿಡಿಸಿ ಹೇಳುತ್ತೇನೆ. ಈಗ ರೋಗಿ-ಕೇಂದ್ರಿತ ಸೇವೆ ಅಂತ ತರಬೇತಿಗೆ ಹೋಗಬೇಕಂತೆ. ಇನ್ನೇನು ಕಲಿಯೋದಿದೆ?

ಉತ್ತರ: ನೀವು ಹೇಳಿದಿರಿ, ಸರಿ. ಅವರಿಗೆ ಏನು ಅರ್ಥವಾಯಿತು ಅಂತ ಕೇಳಿದಿರಾ? ಒಳ್ಳೆಯ ತರಬೇತಿ ಶುರುವಾಗೋದೇ ಅಲ್ಲಿಂದ. ‘ಅರ್ಥ ಆಯ್ತಾ’ ಅಂದರೆ ಯಾರಾದರೂ ಸುಮ್ನೆ ತಲೆ ಆಡಿಸುತ್ತಾರೆ, ನಾನೂ ಆಡಿಸುತ್ತೇನೆ. ಅದರ ಬದಲು ‘ನಾನು ಸರಿಯಾಗಿ ಹೇಳಿದೆನಾ ಗೊತ್ತಾಗಬೇಕು, ಮನೆಗೆ ಹೋಗಿ ಹೇಗೆ ತಗೋತೀರಿ, ಒಮ್ಮೆ ಹೇಳಿ’ ಅನ್ನಿ. ಮೆಥೊಟ್ರೆಕ್ಸೇಟ್ ನೋಡಿ. ಸಂಧಿವಾತಕ್ಕೆ ಅದನ್ನು ಕೊಡೋದು ವಾರಕ್ಕೊಮ್ಮೆ, ಆದರೆ ಬೇರೆ ಮಾತ್ರೆಗಳ ಹಾಗೆ ಇದನ್ನೂ ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ವಾರದಲ್ಲಿ ಯಾವ ದಿನ ತಗೋತಾರೆ ಅನ್ನೋದು ಅವರ ಬಾಯಿಂದಲೇ ಬಂದರೆ ಆ ತಪ್ಪು ಕೌಂಟರ್‌ನಲ್ಲೇ ಸಿಕ್ಕಿಬೀಳುತ್ತದೆ. ಇನ್‌ಹೇಲರ್ ಆದರೆ ಹೇಳಿಸೋದೂ ಸಾಲದು, ಎದುರಿಗೇ ಎಳೆದು ತೋರಿಸಲಿ.

ಇದು ಪಾಠ ಕೇಳಿ ಬರುವ ವಿದ್ಯೆ ಅಲ್ಲ. ತರಬೇತಿಯಲ್ಲಿ ಒಬ್ಬರನ್ನು ರೋಗಿಯ ಪಾತ್ರಕ್ಕೆ ಕೂರಿಸುತ್ತಾರೆ. ಅವರು ರಕ್ತದೊತ್ತಡದ ಮಾತ್ರೆ ಬಿಟ್ಟಿರುತ್ತಾರೆ, ಆದರೆ ತಾವಾಗಿ ಹೇಳೋದಿಲ್ಲ. ಬೈದರೆ ಸುಳ್ಳು ಹೇಳುತ್ತಾರೆ. ‘ದಿನಾ ಮಾತ್ರೆ ತಗೊಳ್ಳೋದು ಕಷ್ಟಾನೇ, ಕಳೆದ ವಾರ ಎಷ್ಟು ಸಲ ತಪ್ಪಿತು?’ ಅಂತ ಕೇಳಿದರೆ ತಲೆಸುತ್ತು ಬರುತ್ತಿತ್ತು ಅನ್ನೋ ನಿಜ ಹೊರಗೆ ಬರುತ್ತದೆ. ಆಮೇಲೆ ವೈದ್ಯರಿಗೆ ತಿಳಿಸುವುದೂ ನಿಮ್ಮ ಕೆಲಸವೇ. ಔಷಧಿಯಿಂದ ರೋಗಿಗೆ ಗುಣ ಆಯಿತಾ ಅನ್ನುವುದಕ್ಕೆ ಫಾರ್ಮಸಿಸ್ಟ್ ಕೂಡ ಹೊಣೆ ಅಂತ ಅಮೆರಿಕದ ಫಾರ್ಮಸಿ ಪ್ರಾಧ್ಯಾಪಕರಾದ ಹೆಪ್ಲರ್ ಮತ್ತು ಸ್ಟ್ರ್ಯಾಂಡ್ 1990ರಲ್ಲೇ ಬರೆದರು. ಪಾತ್ರ ಮುಗಿದ ಮೇಲೆ ನಿಮ್ಮ ವೀಡಿಯೊ ನಿಮಗೇ ತೋರಿಸಿದರೆ ಮುಜುಗರ ಆಗುತ್ತದೆ, ಆಗಲಿ ಬಿಡಿ. ಎಷ್ಟು ಸಲ ಎದುರಿನವರ ಮಾತನ್ನು ಅರ್ಧಕ್ಕೇ ಕತ್ತರಿಸಿದಿರಿ ಅನ್ನೋದು ಅದರಲ್ಲೇ ಕಾಣೋದು.

ಪ್ರಶ್ನೆ: ಸಾಲಿನಲ್ಲಿ ಹತ್ತು ಜನ ನಿಂತಿರುವಾಗ ಇದಕ್ಕೆಲ್ಲ ಪುರುಸೊತ್ತು ಎಲ್ಲಿ?

ಉತ್ತರ: ಎಲ್ಲರಿಗೂ ಬೇಡ. ಹೊಸ ಔಷಧಿ, ಬದಲಾದ ಡೋಸ್, ಇನ್ಸುಲಿನ್, ಹತ್ತಾರು ಮಾತ್ರೆಯ ಚೀಟಿ ಹಿಡಿದು ಬಂದವರು, ಇವರನ್ನು ಮಾತ್ರ ಒಂದು ನಿಮಿಷ ಪಕ್ಕಕ್ಕೆ ಕರೆಯಿರಿ. ಪಕ್ಕಕ್ಕೆ ಅಂದದ್ದು ಬೇಕಂತಲೇ, ಹಿಂದೆ ನಿಂತವರಿಗೆ ಕೇಳಿಸುವ ಹಾಗಿದ್ದರೆ ಯಾರೂ ಬಾಯಿ ಬಿಡೋದಿಲ್ಲ.