ಪುಣೆಯಲ್ಲಿದ್ದುಕೊಂಡು ಬೈಕ್ ಟ್ರಯಲ್ಸ್ ನೋಡೋದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ದಾವಣಗೆರೆಯಿಂದ ಕೆಲಸಕ್ಕೆಂದು ಪುಣೆಯ ವಾಕಡ್‌ಗೆ ಬಂದಿದ್ದೀರಿ. ಸೀಟೇ ಇಲ್ಲದ ಬೈಕಿನಲ್ಲಿ ಯಾರೋ ಆಳೆತ್ತರದ ಬಂಡೆ ಹತ್ತುವ ವಿಡಿಯೊ ನೋಡಿದ್ದೀರಿ. ಅಂಥ ಸ್ಪರ್ಧೆ ಪುಣೆ ಕಡೆ ಎಲ್ಲಿ ನಡೆಯುತ್ತದೆ, ಹೊಸಬರು ಎಲ್ಲಿಂದ ಶುರು ಮಾಡಬೇಕು, ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ.

ಮೊದಲು ಬೇಸರದ ಸುದ್ದಿ. ಆ ವಿಡಿಯೊದ ಆಟ ಪುಣೆಯಲ್ಲಿ ಟಿಕೆಟ್ ತೆಗೆದುಕೊಂಡು ನೋಡಲು ಸಿಗುವುದಿಲ್ಲ. ಇಲ್ಲಿ ಸಿಗುವುದು ಸೂಪರ್‌ಕ್ರಾಸ್, ಅಂದರೆ ಕ್ರೀಡಾಂಗಣದಲ್ಲಿ ಮಣ್ಣು ಸುರಿದು ಮಾಡಿದ ದಿಬ್ಬಗಳ ಮೇಲೆ ಹಾರಿಸುತ್ತಾ ಓಡಿಸುವ ಬೈಕ್ ರೇಸ್. ಎರಡೂ ಮಣ್ಣಿನ ಆಟವೇ. ಆದರೆ ಸೂಪರ್‌ಕ್ರಾಸ್‌ನಲ್ಲಿ ಮೊದಲು ಮುಟ್ಟಿದವನು ಗೆದ್ದ. ಟ್ರಯಲ್ಸ್‌ನಲ್ಲಿ ಯಾರು ಮೊದಲು ಬಂದರು ಅಂತ ಯಾರೂ ಕೇಳುವುದೇ ಇಲ್ಲ. ಹಾಗಂತ ನಿರಾಸೆ ಬೇಡ. ದೂರದಿಂದ ನೋಡಿದರೂ ಖುಷಿ ಕೊಡುವ ಆಟ ಟ್ರಯಲ್ಸ್. ಅಂಕ ಎಣಿಸುವುದನ್ನು ಮಾತ್ರ ಕಲಿತಿರಬೇಕು. ಅದು ಗೊತ್ತಿಲ್ಲದೆ ನೋಡಿದರೆ ಸುಮ್ನೆ ಸರ್ಕಸ್ ಅನ್ನಿಸುತ್ತದೆ.

ನಮ್ಮ ಶಾಲೆಗಳಲ್ಲಿ ಆಗಸ್ಟ್ 15ಕ್ಕೆ ಸ್ಲೋ ಸೈಕಲ್ ರೇಸ್ ಇಡುತ್ತಿದ್ದರು, ನೆನಪಿದೆಯಾ? ಕಾಲು ನೆಲಕ್ಕೆ ತಾಗಿದರೆ ಔಟ್. ಟ್ರಯಲ್ಸ್‌ನ ಜೀವಾಳವೂ ಅದೇ. ಹಳ್ಳ, ಬಂಡೆ, ಮರದ ಬೇರು, ಕೆಸರಿನ ದಿಣ್ಣೆ ಇರುವ ಕಡೆ ಚಿಕ್ಕ ಚಿಕ್ಕ ದಾರಿ ಗುರುತು ಮಾಡಿರುತ್ತಾರೆ. ಒಂದೊಂದಕ್ಕೂ ಸೆಕ್ಷನ್ ಅನ್ನುತ್ತಾರೆ. ಬಲಬದಿಗೆ ಕೆಂಪು ಗುರುತು, ಎಡಬದಿಗೆ ನೀಲಿ. ಅವೆರಡರ ನಡುವೆಯೇ ಹೋಗಬೇಕು. ಪ್ರತಿ ಸೆಕ್ಷನ್‌ನಲ್ಲೂ ಅಬ್ಸರ್ವರ್ ನಿಂತು ರೈಡರ್‌ನ ಕಾಲುಗಳನ್ನೇ ನೋಡುತ್ತಿರುತ್ತಾರೆ. ಒಂದು ಸಲ ಕಾಲೂರಿದರೆ 1 ಅಂಕ. ಎರಡು ಸಲಕ್ಕೆ 2. ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ಎಷ್ಟೇ ಊರಲಿ, 3. ಬಿದ್ದರೆ, ಗುರುತು ದಾಟಿ ಹೊರಗೆ ಹೋದರೆ, ಮುಗಿಸಲು ಆಗದಿದ್ದರೆ 5. ಒಮ್ಮೆಯೂ ಕಾಲೂರದೆ ದಾಟಿದರೆ ಸೊನ್ನೆ. ಅದಕ್ಕೆ ಕ್ಲೀನ್ ಅನ್ನುತ್ತಾರೆ. ಇವೆಲ್ಲ ತಪ್ಪಿನ ಅಂಕ, ಹಾಗಾಗಿ ದಿನದ ಕೊನೆಗೆ ಯಾರದು ಕಡಿಮೆಯೋ ಅವರೇ ಗೆದ್ದಂತೆ.

ಈ ಲೆಕ್ಕದಲ್ಲಿ ಒಂದು ಮಜಾ ಇದೆ. ಮೂರು ಸಲ ಊರಿದವನಿಗೆ ನಾಲ್ಕನೆಯದು ಪುಕ್ಕಟೆ. ಹಾಗಾಗಿ ಎರಡು ಸಲ ಊರಿದವನು ಮೈಯೆಲ್ಲ ಬಿಗಿಹಿಡಿದು ನಿಲ್ಲಲು ಒದ್ದಾಡುತ್ತಾನೆ. ಮೂರಾಯಿತೋ, ನಾಚಿಕೆ ಬಿಟ್ಟು ಎರಡೂ ಕಾಲಲ್ಲಿ ನೆಲ ಒದೆಯುತ್ತಾ ಬೈಕ್ ಎಳೆದುಕೊಂಡು ದಾಟುತ್ತಾನೆ. 5 ತಪ್ಪಿದರೆ ಸಾಕು ಅವನಿಗೆ. ಇದನ್ನು ಒಮ್ಮೆ ಗಮನಿಸಿದರೆ ಮುಂದೆ ನಿಮ್ಮ ಕಣ್ಣು ತಾನಾಗಿ ಚಕ್ರ ಬಿಟ್ಟು ಬೂಟಿನ ಮೇಲೆ ಇರುತ್ತದೆ. ಒಂದು ವಿಷಯ ಮಾತ್ರ ಎಲ್ಲ ಕಡೆ ಒಂದೇ ಥರ ಇಲ್ಲ. ಸೆಕ್ಷನ್ ಮಧ್ಯೆ ಬೈಕ್ ನಿಲ್ಲಿಸಬಹುದೇ ಅನ್ನುವ ನಿಯಮ ಕಾಲಕಾಲಕ್ಕೆ, ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗಿದೆ. ಕೆಲವು ಕಡೆ ನಿಂತರೇ 5. ಯಾವ ಸ್ಪರ್ಧೆ ನೋಡುತ್ತಿದ್ದೀರೋ ಅದರ ಈ ಒಂದು ನಿಯಮ ಮೊದಲೇ ತಿಳಿದುಕೊಳ್ಳಿ. ಇಲ್ಲದಿದ್ದರೆ ಚೆನ್ನಾಗಿ ಹತ್ತಿದವನಿಗೂ 5 ಕೊಟ್ಟರಲ್ಲ ಅಂತ ತಲೆ ಕೆಡುತ್ತದೆ.

ಬೈಕ್ ವಿಚಾರ. ನಾನು ಪುಣೆ ಹತ್ತಿರದ ಚಾಕಣ್‌ನಲ್ಲಿ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿದ್ದೇನೆ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ಟ್ರಯಲ್ಸ್ ಬೈಕಿನ ತೂಕ ಸುಮಾರು 65ರಿಂದ 75 ಕೆ.ಜಿ. ಕೂರುವ ಪ್ರಶ್ನೆಯೇ ಇಲ್ಲದ್ದರಿಂದ ಸೀಟ್ ಇಲ್ಲ. ಪೆಟ್ರೋಲ್ ಟ್ಯಾಂಕ್ ಎರಡು-ಮೂರು ಲೀಟರಿನದು. ಹಿಂದಿನ ಟಯರ್‌ನಲ್ಲಿ ಗಾಳಿ ನಾಲ್ಕೈದು ಪಿಎಸ್‌ಐ ಅಷ್ಟೇ. ನಮ್ಮ ಬೀದಿಯ ಪಂಕ್ಚರ್ ಅಂಗಡಿಯವನು ನೋಡಿದರೆ "ಇದರಲ್ಲಿ ಗಾಳಿನೇ ಇಲ್ಲ" ಅನ್ನುತ್ತಾನೆ. ಆದರೆ ಆ ಮೆತ್ತನೆಯ ರಬ್ಬರ್ ಕಲ್ಲನ್ನು ಅಪ್ಪಿಕೊಳ್ಳುತ್ತದೆ, ಹಿಡಿತ ಬರುವುದೇ ಅಲ್ಲಿಂದ. ಉಳಿದ ಕೆಲಸ ಕ್ಲಚ್ ಮೇಲಿನ ಒಂದು ಬೆರಳಿನದು. ಮೊಂಟೆಸಾ, ಬೀಟಾ, ಶೆರ್ಕೊ, ಗ್ಯಾಸ್‌ಗ್ಯಾಸ್ ಇವು ನೀವು ಪದೇ ಪದೇ ನೋಡುವ ಹೆಸರುಗಳು. ಇದರಲ್ಲಿ ಗ್ಯಾಸ್‌ಗ್ಯಾಸ್ ಕೆಟಿಎಂ ತೆಕ್ಕೆಗೆ ಬಂದ ಕಂಪನಿ. ಕೆಟಿಎಂ ಡ್ಯೂಕ್‌ಗಳು ನಮ್ಮ ಚಾಕಣ್‌ನ ಬಜಾಜ್ ಕಾರ್ಖಾನೆಯಲ್ಲೇ ತಯಾರಾಗುತ್ತವೆ. ಆದರೂ ಈ ಊರಿನ ಯಾವ ಶೋರೂಮ್‌ನಲ್ಲೂ ನಾನು ಟ್ರಯಲ್ಸ್ ಬೈಕ್ ಕಂಡಿಲ್ಲ.

"ಬುಲೆಟ್ ಟ್ರಯಲ್ಸ್ ಇತ್ತಲ್ಲ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. 2019ರಲ್ಲಿ ರಾಯಲ್ ಎನ್‌ಫೀಲ್ಡ್ ಆ ಹೆಸರಿನಲ್ಲಿ ಒಂದು ಮಾಡೆಲ್ ತಂದಿತ್ತು, ನಿಜ. ಅದು ಹಳೆಯ ದಿನಗಳ ನೆನಪಿಗೆ. 1952ರಲ್ಲಿ ಜಾನಿ ಬ್ರಿಟನ್ ರಾಯಲ್ ಎನ್‌ಫೀಲ್ಡ್ ಬೈಕಿನಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಅನ್ನುವ ಆರು ದಿನಗಳ ಸ್ಪರ್ಧೆ ಗೆದ್ದಿದ್ದ. 2019ರ ಬೈಕಿನ ತೂಕ 190 ಕೆ.ಜಿ. ಆಸುಪಾಸು. ನೋಡಲು ಚೆಂದ. ಬಂಡೆ ಹತ್ತಿಸಲು ಮಾತ್ರ ಹೋಗಬೇಡಿ.

ಯಾರನ್ನು ನೋಡಬೇಕು? ಟೋನಿ ಬೌ ಅವರಿಂದ ಶುರು ಮಾಡಿ. ಸ್ಪೇನಿನ ಕ್ಯಾಟಲೋನಿಯದವರು, ಮೊಂಟೆಸಾ ಓಡಿಸುತ್ತಾರೆ. 2007ರಿಂದ 2024ರವರೆಗೆ ಪ್ರತಿ ವರ್ಷ ಬಯಲಿನ ವಿಶ್ವ ಚಾಂಪಿಯನ್ ಅವರೇ, ಒಳಾಂಗಣದ ಚಾಂಪಿಯನ್ ಕೂಡ ಅವರೇ. ಅಷ್ಟು ವರ್ಷಗಳಲ್ಲಿ ಒಟ್ಟು 36 ಪ್ರಶಸ್ತಿ. ಯಾವ ಆಟದಲ್ಲೂ ಇಂಥ ಏಕಸ್ವಾಮ್ಯ ನಾನು ಕಂಡಿಲ್ಲ. ಸ್ವಲ್ಪ ಬೋರ್ ಆಗಲ್ವಾ ಅಂತ ಕೇಳಿದರೆ, ಆಗುತ್ತದೆ. ಅದಕ್ಕೇ ನಾನು ಎರಡನೇ ಸ್ಥಾನದ ಜಗಳ ನೋಡುತ್ತೇನೆ, ಅಲ್ಲಿ ಹೈಮೆ ಬುಸ್ತೊ ಥರದವರ ಆಟ ಚೆನ್ನಾಗಿರುತ್ತದೆ. ಹಳಬರಲ್ಲಿ ಇಂಗ್ಲೆಂಡಿನ ಡೂಗಿ ಲ್ಯಾಂಪ್‌ಕಿನ್. 1997ರಿಂದ 2003ರವರೆಗೆ ಸತತ ಏಳು ಬಯಲಿನ ಪ್ರಶಸ್ತಿ. ಈ ಮನುಷ್ಯ 2016ರಲ್ಲಿ ಐಲ್ ಆಫ್ ಮ್ಯಾನ್‌ನ ಸುಮಾರು 60 ಕಿ.ಮೀ. ರೇಸ್ ರಸ್ತೆಯನ್ನು ಮುಂದಿನ ಚಕ್ರ ನೆಲಕ್ಕೆ ತಾಗಿಸದೆ ಒಂದೇ ಚಕ್ರದ ಮೇಲೆ ಸುತ್ತಿದ. ಏಷ್ಯಾದವರು ಬೇಕೆಂದರೆ ಜಪಾನಿನ ತಕಾಹಿಸಾ ಫುಜಿನಾಮಿ, 2004ರ ವಿಶ್ವ ಚಾಂಪಿಯನ್.

ನಮ್ಮವರ ಕಡೆಯಿಂದಲೂ ಇದಕ್ಕೊಂದು ದಾರಿ ಇದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ, ಹಲವು ದಿನ ಮರಳುಗಾಡು ದಾಟುವ ಡಕಾರ್ ರ‍್ಯಾಲಿಯನ್ನು ಬೈಕಿನಲ್ಲಿ ಮುಗಿಸಿದ ಮೊದಲ ಭಾರತೀಯ ಅನ್ನಿಸಿಕೊಂಡರು. ಅವರ ಸ್ಥಾನ 36. ಅದೇ ವರ್ಷದ ಡಕಾರ್‌ನಲ್ಲಿ ಒಟ್ಟಾರೆ 9ನೇ ಸ್ಥಾನಕ್ಕೆ ಬಂದ ಲಾಯಾ ಸಾನ್ಸ್ ಮೂಲತಃ ಟ್ರಯಲ್ಸ್ ಹುಡುಗಿ, ಮಹಿಳೆಯರ ಟ್ರಯಲ್ಸ್‌ನಲ್ಲಿ 13 ಸಲ ವಿಶ್ವ ಚಾಂಪಿಯನ್. ಮರಳಿನಲ್ಲಿ ದಿನವಿಡೀ ಓಡಿಸುವವರಿಗೂ ಈ ನಿಧಾನದ ಕಲಿಕೆ ಕೈ ಹಿಡಿಯುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಬಿಗ್ ಬಾಸ್‌ನಿಂದ ಮನೆಮಾತಾದ ಉಡುಪಿಯ ಕೆ.ಪಿ. ಅರವಿಂದ್ ಕೂಡ 2019ರಲ್ಲಿ ಡಕಾರ್ ಮುಗಿಸಿದವರು. ಮನೆಯಲ್ಲಿ "ಏನಿದು ಹುಚ್ಚು" ಅಂದರೆ ಅವರ ಹೆಸರು ಹೇಳಿ, ಮಾತು ಸುಲಭವಾಗುತ್ತದೆ.

ವಿಡಿಯೊ ನೋಡುವಾಗ ನನ್ನದೊಂದು ಹಟ. ಅರ್ಧ ನಿಮಿಷದ ತುಣುಕುಗಳನ್ನು ನೋಡಬೇಡಿ. ಅವುಗಳಲ್ಲಿ ಕ್ಲೀನ್ ಇಲ್ಲವೇ ದೊಡ್ಡ ಬೀಳು, ಎರಡೇ ಇರುತ್ತವೆ. ಒಂದೇ ಸೆಕ್ಷನ್ ಮೇಲೆ ಕ್ಯಾಮೆರಾ ಇಟ್ಟು ಒಬ್ಬೊಬ್ಬ ರೈಡರ್ ಬರುವುದನ್ನು ತೋರಿಸುವ ಉದ್ದ ವಿಡಿಯೊ ಹುಡುಕಿ. ಅದೇ ಕಲ್ಲು. ಒಬ್ಬ ಎಡದಿಂದ ಬಂದು ಜಾರುತ್ತಾನೆ, ಇನ್ನೊಬ್ಬ ಬಲದಿಂದ ಒಂದು ಹೆಜ್ಜೆ ಹಿಂದೆ ನಿಂತು ನೆಗೆಯುತ್ತಾನೆ. ನೀವು ಕಾಗದದಲ್ಲಿ ಅಂಕ ಬರೆಯುತ್ತಾ ಹೋಗಿ, ಕೊನೆಗೆ ಅಧಿಕೃತ ಅಂಕದ ಜೊತೆ ಹೋಲಿಸಿ. ಹೊಸದಾಗಿ ನೋಡುವವರಿಗೆ ಎಕ್ಸ್-ಟ್ರಯಲ್ ಒಳ್ಳೆಯದು. ಇದು ಒಳಾಂಗಣದ ಆಟ, 1978ರಲ್ಲಿ ಬಾರ್ಸಿಲೋನದಲ್ಲಿ ಶುರುವಾದದ್ದು. ಬೆಳಕು ಚೆನ್ನಾಗಿರುತ್ತದೆ, ಎಲ್ಲವೂ ಕಾಣುತ್ತದೆ. ನನಗೆ ಮಾತ್ರ ಬಯಲಿನ ಟ್ರಯಲ್ಸ್ ಇಷ್ಟ. ಸಿಮೆಂಟ್ ಮತ್ತು ಹಲಗೆಗೆ ಕೆಸರಿನ ಮೋಸ ಗೊತ್ತಿಲ್ಲ.

ಖುದ್ದಾಗಿ ನೋಡುವ ಅವಕಾಶ ನನಗೆ ಸಿಕ್ಕಿದ್ದು ಆಫೀಸಿನ ಕೆಲಸಕ್ಕೆ ಇಂಗ್ಲೆಂಡಿನ ಡರ್ಬಿಗೆ ಹೋದಾಗ. ಭಾನುವಾರ ಊರ ಹೊರಗಿನ ಒಂದು ತೋಟದಲ್ಲಿ ಅಲ್ಲಿನ ಕ್ಲಬ್ಬಿನವರ ಟ್ರಯಲ್ ಇತ್ತು. ಗೇಟ್ ಇಲ್ಲ, ಟಿಕೆಟ್ ಇಲ್ಲ, ಮೈಕ್ ಇಲ್ಲ. ರೈಡರ್‌ಗಳ ಬಳಿ ಒಂದು ಕಾರ್ಡು, ಅಬ್ಸರ್ವರ್ ಬಳಿ ಅದಕ್ಕೆ ತೂತು ಹೊಡೆಯುವ ಪಂಚ್. ನಾನು ನಿಂತಿದ್ದ ಸೆಕ್ಷನ್‌ನಲ್ಲಿ ಮಡಚುವ ಸ್ಟೂಲ್ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಅಬ್ಸರ್ವರ್. ಅವರು ಬೈಕ್ ಕಡೆ ನೋಡುತ್ತಲೇ ಇರಲಿಲ್ಲ, ಬೂಟು ಮಾತ್ರ. ಒಬ್ಬ ಹುಡುಗ "ನಾನು ಊರಲಿಲ್ಲ" ಅಂತ ವಾದಕ್ಕೆ ಬಂದ. ಅಜ್ಜಿ ಕೆಸರಲ್ಲಿ ಮೂಡಿದ್ದ ಅವನ ಬೂಟಿನ ಗುರುತನ್ನು ಬೆರಳು ಮಾಡಿ ತೋರಿಸಿ ಪಂಚ್ ಹೊಡೆದರು. ಪ್ರೇಕ್ಷಕರು ಸೆಕ್ಷನ್‌ನಿಂದ ಎರಡು ಮಾರು ದೂರದಲ್ಲಿ ನಿಲ್ಲಬಹುದು. ರೈಡರ್ ಉಸಿರು ಬಿಡುವುದೂ ಕೇಳಿಸುತ್ತದೆ. ವಾಂಖೆಡೆಯಲ್ಲಿ ಎಷ್ಟೇ ದುಡ್ಡು ಕೊಟ್ಟರೂ ಆಟಗಾರನ ಅಷ್ಟು ಹತ್ತಿರ ನಿಲ್ಲಲು ಆಗುತ್ತದಾ?

ನೀವು ಐಟಿಯಲ್ಲಿದ್ದರೆ ಆನ್‌ಸೈಟ್ ಅಂತ ಹೊರದೇಶಕ್ಕೆ ಹೋಗುವ ಯೋಗ ಬರಬಹುದು. ಬಂದರೆ ಮೇ ಮೊದಲ ಭಾಗದಲ್ಲಿ ಸ್ಕಾಟ್ಲೆಂಡ್ ಕಡೆ ಕಣ್ಣಿಡಿ. ಸಿಕ್ಸ್ ಡೇಸ್ ಟ್ರಯಲ್ 1909ರಲ್ಲಿ ಶುರುವಾದ ಸ್ಪರ್ಧೆ. ಫೋರ್ಟ್ ವಿಲಿಯಂ ಊರು ಅದರ ಕೇಂದ್ರ. ಆರು ದಿನ, ದಿನಕ್ಕೆ 30 ಸೆಕ್ಷನ್, ನಡುವೆ ಬೆಟ್ಟ ಬಯಲು ದಾಟುವ ಉದ್ದ ಪಯಣ. ಕಿನ್‌ಲಾಕ್‌ಲೆವನ್ ಊರಿನ ಪೈಪ್‌ಲೈನ್ ಅನ್ನುವ ಸೆಕ್ಷನ್ ಬಹಳ ಹೆಸರುವಾಸಿ, ಜನ ಅಲ್ಲಿಯೇ ಗುಂಪು ಕಟ್ಟುತ್ತಾರೆ. ವಿಶ್ವ ಚಾಂಪಿಯನ್‌ಷಿಪ್ ಸುತ್ತು ನೋಡಬೇಕು, ಯುರೋಪ್ ದೂರ ಅನ್ನಿಸಿದರೆ ಜಪಾನಿನ ಮೊಟೆಗಿ ಇದೆ.

ಈಗ ಊರಿನ ಮಾತು. 2024ರ ಜನವರಿ 28ರಂದು ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್‌ನ ಮೊಟ್ಟಮೊದಲ ಸುತ್ತು ನಡೆದದ್ದು ನಿಮ್ಮ ಮನೆಯ ಹತ್ತಿರದ ಬಾಲೇವಾಡಿ ಕ್ರೀಡಾ ಸಂಕೀರ್ಣದಲ್ಲೇ. ಹುಬ್ಬಳ್ಳಿ ಬಸ್ಸಿನಲ್ಲಿ ಬರುವಾಗ ಹೆದ್ದಾರಿ ಪಕ್ಕ ಕಾಣುತ್ತದಲ್ಲ, ಅದೇ. ಆ ವರ್ಷದ ಕೊನೆಯ ಸುತ್ತು ಬೆಂಗಳೂರಿನಲ್ಲಿ ಆಯಿತು. ಇಂಥದ್ದು ಬಂದಾಗ ಹೋಗಿ. ಕಣ್ಣಿಗೆ ಹಬ್ಬ. ಆದರೆ ಡಿಜೆ, ದೀಪ, ಸಿನಿಮಾ ತಾರೆಯರ ಗದ್ದಲದ ಮಧ್ಯೆ ಆಟ ಸ್ವಲ್ಪ ಕಳೆದುಹೋಗುತ್ತದೆ ಅನ್ನುವುದು ನನ್ನ ತಕರಾರು. ದೊಡ್ಡ ಜಂಪ್ ಎದುರಿನ ಸೀಟಿಗೆ ಎಲ್ಲರೂ ಮುಗಿಬೀಳುತ್ತಾರೆ. ನೀವು ಜಂಪ್ ಮುಗಿದು ತಿರುವು ಶುರುವಾಗುವ ಕಡೆ ಕೂರಿ. ಒಬ್ಬರನ್ನೊಬ್ಬರು ಹಿಂದೆ ಹಾಕುವುದು ಅಲ್ಲಿ. ನವೆಂಬರ್‌ನಲ್ಲಿ ಗೋವಾದ ವಾಗಾತೋರ್‌ನಲ್ಲಿ ಮೋಟೋವರ್ಸ್ ಇರುತ್ತದೆ, ಹಿಂದಿನ ರೈಡರ್ ಮೇನಿಯಾ. ಅದು ಬೈಕಿನವರ ಜಾತ್ರೆ. ಗೆಳೆಯರಿದ್ದರೆ ಹೋಗಿ, ಸ್ಪರ್ಧೆಗೆಂದೇ ಹೋಗಬೇಡಿ.

ಟ್ರಯಲ್ಸೇ ಬೇಕೆಂದರೆ ನಾವು ಕೆಲವರು ಮಾಡುವುದು ಇಷ್ಟು. ಸಾಸವಡ ಕಡೆ ಗೆಳೆಯರೊಬ್ಬರ ಸೀತಾಫಲದ ತೋಟದ ಪಕ್ಕ ಬೀಳು ಜಮೀನಿದೆ. ಹೀರೊ ಎಕ್ಸ್‌ಪಲ್ಸ್ ಬೈಕ್ ಇದ್ದವರು ತರುತ್ತಾರೆ. ಕಪ್ಪು ಕಲ್ಲುಗಳ ನಡುವೆ ಕೋಲು ನೆಟ್ಟು, ಕೆಂಪು ನೀಲಿ ರಿಬ್ಬನ್ ಕಟ್ಟಿ, ಸರದಿಯ ಮೇಲೆ ಒಬ್ಬರು ಅಬ್ಸರ್ವರ್ ಆಗುತ್ತೇವೆ. ಬಂಡೆ ಹತ್ತುವ ಶೌರ್ಯ ಏನೂ ಇಲ್ಲ, ಇಕ್ಕಟ್ಟಿನ ತಿರುವು, ಒಂದು ಚಿಕ್ಕ ಏರು ಅಷ್ಟೇ. ಅಷ್ಟಕ್ಕೇ ಬೆವರು ಇಳಿಯುತ್ತದೆ. ಮಳೆಗಾಲದಲ್ಲಿ ಬೇಡ, ನಮ್ಮ ಕಡೆಯ ಕರಿಕಲ್ಲು ಪಾಚಿ ಕಟ್ಟಿದರೆ ಯಾವ ಟಯರ್ ಮಾತನ್ನೂ ಕೇಳುವುದಿಲ್ಲ. ವಿಡಿಯೊ ನೋಡಿ ಟಯರ್ ಗಾಳಿಯನ್ನು ನಾಲ್ಕೈದಕ್ಕೆ ಇಳಿಸಬೇಡಿ, ಟ್ಯೂಬ್ ಕಚ್ಚಿ ತೂತಾಗುತ್ತದೆ. ಪುಣೆಯ ವೇತಾಳ ಟೇಕಡಿ ಗುಡ್ಡದ ಮೇಲೆ ಬೈಕ್ ಹತ್ತಿಸುವ ಯೋಚನೆಯಂತೂ ಬೇಡವೇ ಬೇಡ. ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರು ಬೈಯುತ್ತಾರೆ, ಬೈಯಲೇಬೇಕು.

ಮಗನ ವಿಷಯ. ಸೂಪರ್‌ಕ್ರಾಸ್‌ಗೆ ಧಾರಾಳವಾಗಿ ಕರೆದುಕೊಂಡು ಹೋಗಿ, ಆದರೆ ಕಿವಿ ಮುಚ್ಚುವ ಇಯರ್‌ಮಫ್ ಹಾಕಿಸಿ. ಧೂಳು ಜಾಸ್ತಿ, ಕರ್ಚೀಫ್ ಸಾಲುವುದಿಲ್ಲ, ಮಾಸ್ಕ್ ಇರಲಿ. ಬೇಲಿಗೆ ಅಂಟಿಕೊಂಡು, ಅದರಲ್ಲೂ ತಿರುವಿನ ಹೊರಬದಿಯಲ್ಲಿ ನಿಲ್ಲಿಸಬೇಡಿ, ಬೈಕ್ ಹತೋಟಿ ತಪ್ಪಿದರೆ ಬರುವುದು ಆ ಕಡೆಗೇ. ಹೊರದೇಶಗಳಲ್ಲಿ ಮಕ್ಕಳಿಗೆಂದೇ ಓಸೆಟ್ ಹೆಸರಿನಲ್ಲಿ ಚಿಕ್ಕ ಎಲೆಕ್ಟ್ರಿಕ್ ಟ್ರಯಲ್ಸ್ ಬೈಕ್‌ಗಳು ಬಂದಿವೆ, 2022ರಲ್ಲಿ ಟ್ರಯಂಫ್ ಆ ಕಂಪನಿಯನ್ನು ಕೊಂಡಿತು. ಅದನ್ನು ತರಿಸುವ ಗೋಜಿಗೆ ಈಗಲೇ ಹೋಗಬೇಡಿ. ಅವನ ಸೈಕಲ್ಲೇ ಸಾಕು. ಸೀಟು ಇಳಿಸಿ, ಹೆಲ್ಮೆಟ್ ಹಾಕಿಸಿ, ಪಾರ್ಕಿಂಗ್‌ನಲ್ಲಿ ಸೀಮೆಸುಣ್ಣದಿಂದ ಒಂದು ಸೆಕ್ಷನ್ ಬರೆಯಿರಿ. ನೀವು ಓಡಿಸುವಾಗ ಅವನು ಅಬ್ಸರ್ವರ್. ಒಂದು ಅಂಕವನ್ನೂ ಬಿಡುವುದಿಲ್ಲ, ನೋಡುತ್ತಿರಿ. ಸೊಸೈಟಿ ಸೆಕ್ರೆಟರಿಗೆ ಮೊದಲೇ ಒಂದು ಮಾತು ಹೇಳಿಡಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ ಆಡಬೇಡಿ, ಪುಣೆಯಲ್ಲಿ ಅದು ನಿದ್ದೆಯ ಹೊತ್ತು.