ಆರು ಕೌಂಟರು, ಇಬ್ಬರೇ ಹುಡುಗಿಯರು

ಪ್ರಶ್ನೆ: ನಮ್ಮ ಬಡಾವಣೆಯ ಸೂಪರ್‌ಮಾರ್ಕೆಟ್‌ನಲ್ಲಿ ಆರು ಬಿಲ್ಲಿಂಗ್ ಕೌಂಟರ್ ಇವೆ, ತೆರೆದಿರುವುದು ಯಾವಾಗಲೂ ಎರಡೇ. ಕಳೆದ ಭಾನುವಾರ ಒಂದು ಪ್ಯಾಕೆಟ್ ಮೊಸರು, ಒಂದು ಕೇಜಿ ತೊಗರಿಬೇಳೆಗೆ 35 ನಿಮಿಷ ನಿಂತೆ. ನನ್ನ ಸರದಿ ಬಂದಾಗ ಆ ಹುಡುಗಿ ತಲೆ ಎತ್ತದೆ ‘ಮೊಬೈಲ್ ನಂಬರ್?’ ಅಂದಳು. ಕೊಡದಿದ್ದರೆ ಬಿಲ್ಲೇ ಆಗೋಲ್ಲವಂತೆ. ಬೇಳೆ ಇಟ್ಟಿದ್ದ ಕಡೆ ಅಂಟಿಸಿದ ಚೀಟಿಯಲ್ಲಿ 149, ಬಿಲ್ಲಿನಲ್ಲಿ 164. ಎರಡು ರೂಪಾಯಿ ಚಿಲ್ಲರೆ ಬದಲು ಚಾಕೊಲೇಟ್ ಬೇರೆ! ಎಲ್ಲರೆದುರು ಅವಳನ್ನು ಬೈದು ಬಂದೆ. ನನ್ನದು ತಪ್ಪಾ?
– ನಿವೃತ್ತ ಮೇಷ್ಟ್ರು, ಕುವೆಂಪುನಗರ, ಮೈಸೂರು

ಉತ್ತರ: ಮೇಷ್ಟ್ರೇ, ಸಿಟ್ಟು ಸರಿಯೇ, ಅದು ಬಿದ್ದ ಜಾಗ ತಪ್ಪು. ಈ ಅಂಕಣಕ್ಕೆ ಬರುವ ಮುಂಚೆ ಐದು ವರ್ಷ ನಾನೂ ಅಂಥದೇ ಕೌಂಟರ್ ಹಿಂದೆ ನಿಂತವಳು. ‘ನಿಂತವಳು’ ಅಂತ ಸುಮ್ಮನೆ ಬರೆದದ್ದಲ್ಲ, ಅಲ್ಲಿ ಕುರ್ಚಿ ಇರಲಿಲ್ಲ. ಬಟ್ಟೆ ಅಂಗಡಿಯ ಹೆಂಗಸರು ಹೋರಾಡಿದ ಮೇಲೆ ಕೇರಳದಲ್ಲಿ 2018ರಲ್ಲಿ, ಆಮೇಲೆ ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕಾನೂನಾಗಿಯೇ ಬಂತು. ಕೂರೋದಕ್ಕೂ ಕಾನೂನು ಬೇಕಾಯ್ತು ನೋಡಿ.

ಆ ನಾಲ್ಕು ಕೌಂಟರ್ ಯಾಕೆ ಖಾಲಿ? ಕೌಂಟರ್ ಹಾಕಿಸುವಾಗ ಲೆಕ್ಕ ಹಿಡಿಯುವುದು ದೀಪಾವಳಿ ರಶ್ಶಿಗೆ, ಆಳು ಇಟ್ಟುಕೊಳ್ಳುವಾಗ ಹಿಡಿಯುವುದು ಮಂಗಳವಾರ ಮಧ್ಯಾಹ್ನಕ್ಕೆ. ನಮ್ಮಲ್ಲಿ ಬಿಲ್ಲಿಂಗಿಗೆ ಅಂತ ಇದ್ದವರು ನಾಲ್ವರು. ಒಬ್ಬಳಿಗೆ ವಾರದ ರಜೆ, ಇನ್ನೊಬ್ಬಳು ಒಳಗೆ ಗೋಧಿಹಿಟ್ಟು ಜೋಡಿಸುತ್ತಿರುತ್ತಿದ್ದಳು. ಸಂಬಳದ ವಾರದ ಭಾನುವಾರ ಸಂಜೆಯೂ ಇದೇ ಪಾಡು. ಕ್ಯೂ ಬಾಗಿಲು ಮುಟ್ಟಿದರೂ ಮ್ಯಾನೇಜರ್ ಆಫೀಸ್ ರೂಮಿನಿಂದ ಹೊರಗೆ ಬರುತ್ತಿರಲಿಲ್ಲ. ಬಂದರೆ ನೀವು ಅವರನ್ನೇ ಬೈತಿದ್ರಿ!

ತಲೆ ಎತ್ತದ್ದಕ್ಕೂ ಕಾರಣ ಇದ್ದೀತು. ರಾತ್ರಿ ಕ್ಯಾಶ್ ತಾಳೆಯಾಗದಿದ್ದರೆ ಕಮ್ಮಿ ಬಿದ್ದದ್ದು ನಮ್ಮ ಸಂಬಳಕ್ಕೇ. ನನಗೆ ಒಮ್ಮೆ 340 ರೂಪಾಯಿ ಹೋಯಿತು, ಇವತ್ತಿಗೂ ಮರೆತಿಲ್ಲ. ಇನ್ನು ಆ ಮೊಬೈಲ್ ನಂಬರ್. ಯಾರು ಎಷ್ಟು ನಂಬರ್ ತೆಗೆದುಕೊಂಡರು ಅಂತ ಸಂಜೆ ಸೂಪರ್‌ವೈಸರ್ ಎಣಿಸುತ್ತಿದ್ದರು. ಹಾಗಂತ ನೀವು ಕೊಡಬೇಕಿಲ್ಲ. ಗ್ರಾಹಕ ಒಪ್ಪದಿದ್ದರೂ ನಂಬರಿಗೆ ಪಟ್ಟು ಹಿಡಿಯುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ‘ನಂಬರ್ ಇಲ್ಲದೆ ಬಿಲ್ ಮಾಡಮ್ಮ’ ಅನ್ನಿ. ಆಗೋಲ್ಲ ಅಂದರೆ ಮ್ಯಾನೇಜರನ್ನು ಕರೆಸಿ. ಆಗುತ್ತೆ, ನಾನೇ ಎಷ್ಟು ಸಲ ಮಾಡಿದ್ದೇನೆ!

149ರ ವಿಷಯಕ್ಕೆ ಬರೋಣ. ನಮ್ಮಲ್ಲಿ ಹೊಸ ರೇಟು ರಾತ್ರಿಯೇ ಕಂಪ್ಯೂಟರಿಗೆ ಬಂದುಬಿಡುತ್ತಿತ್ತು, ಚೀಟಿ ಬದಲಾಯಿಸಲು ಬೆಳಗ್ಗೆ ಹುಡುಗ ಬರಬೇಕು. ಆಫರ್ ಮುಗಿದ ಮಾರನೇ ದಿನ ಈ ಜಗಳ ಗ್ಯಾರಂಟಿ. ಪ್ಯಾಕೆಟ್ ಮೇಲಿನ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡಿದ್ದರೆ ಅದು ಕಾನೂನು ಮಾಪನ ಇಲಾಖೆಗೆ ಹೋಗುವ ದೂರು. ಎಂಆರ್‌ಪಿ ಒಳಗೇ ಇದ್ದರೂ ಬಿಡಬೇಡಿ. ಚೀಟಿಯ ಫೋಟೊ ತೆಗೆದು ‘ಇದೇ ರೇಟು ಹಾಕಿ, ಇಲ್ಲ ಬೇಳೆ ವಾಪಸ್ ಇಟ್ಟುಕೊಳ್ಳಿ’ ಅನ್ನಿ. ಕೇಳದಿದ್ದರೆ ಬಿಲ್ ಇಟ್ಟುಕೊಂಡು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಹದಿನೈದು ರೂಪಾಯಿಗೆ ಯಾರು ಫೋನ್ ಮಾಡ್ತಾರೆ ಅಂತ ಅಂಗಡಿಯವರಿಗೂ ಗೊತ್ತು. ಅದಕ್ಕೇ ಮಾಡಿ ಅನ್ನುತ್ತಿದ್ದೇನೆ.

ಚಾಕೊಲೇಟ್ ಬೇಡ ಅನ್ನಿ ಸಾಕು. ಆದರೆ ಬ್ಯಾಂಕಿನಿಂದ ಚಿಲ್ಲರೆ ತರಿಸುವುದು ಆ ಹುಡುಗಿಯ ಕೈಯಲ್ಲಿಲ್ಲ. ಮುಂದಿನ ಸಲ ಹೋಗುವಾಗ ಮನೆಯಲ್ಲಿ ಬಿದ್ದಿರುವ ಒಂದು, ಎರಡರ ನಾಣ್ಯ ಒಂದಿಷ್ಟು ಒಯ್ದು ಅವಳಿಗೇ ಕೊಟ್ಟು ನೋಟು ಇಸಿದುಕೊಳ್ಳಿ. ಕ್ಷಮಿಸು ಅಂತ ಬಾಯಿಬಿಟ್ಟು ಹೇಳಲು ಮೇಷ್ಟ್ರಿಗೆ ಮುಜುಗರವಾದರೆ, ಅಷ್ಟೇ ಸಾಕು, ಅವಳಿಗೆ ಅರ್ಥವಾಗುತ್ತೆ.