ಕುತ್ತಿಗೆಗೆ ತೂತು ಹಾಕಿದರೆ ಮಾತು ಹೋಗುವುದಿಲ್ಲ

ಪ್ರಶ್ನೆ: ಬೈಕಿನಲ್ಲಿ ಬರುವಾಗ ತಮ್ಮನ ಕುತ್ತಿಗೆಗೆ ಅಡ್ಡ ಕಟ್ಟಿದ್ದ ತಂತಿ ಬಡಿಯಿತು. ಧ್ವನಿ ಒಡೆದಿತ್ತು, ಎಂಜಲಲ್ಲಿ ರಕ್ತವಿತ್ತು. ಸ್ಕ್ಯಾನ್‌ಗೂ ಮೊದಲೇ ಕುತ್ತಿಗೆಗೆ ತೂತು ಹಾಕಬೇಕೆಂದರು. ಮಾತು ಹೋಗುತ್ತದೆಂದು ಹೆದರಿ ಒಂದು ಗಂಟೆ ಸಹಿ ಹಾಕಲಿಲ್ಲ. ಈಗ ಆಪರೇಷನ್ ಆಗಿದೆ, ಟ್ಯೂಬ್ ಇದೆ, ಮಾತಿಲ್ಲ. ವೈದ್ಯರು ಆತುರಪಟ್ಟರೇ?

ಉತ್ತರ: ಇಲ್ಲ. ಆ ಒಂದು ಗಂಟೆಯಲ್ಲಿ ನಿಮ್ಮ ತಮ್ಮ ಉಳಿದಿದ್ದೇ ದೊಡ್ಡದು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತಲೇ ಇರುತ್ತದೆ. ಟ್ರೇಕಿಯಾಸ್ಟಮಿ, ಅಂದರೆ ಉಸಿರಾಡಲೆಂದು ಕುತ್ತಿಗೆಗೆ ಹಾಕುವ ಈ ತೂತು, ಇರುವುದು ಧ್ವನಿಪೆಟ್ಟಿಗೆಗಿಂತ ಕೆಳಗೆ, ಶ್ವಾಸನಾಳದಲ್ಲಿ. ಉಸಿರು ಅಲ್ಲಿಂದಲೇ ಹೊರಹೋಗುವುದರಿಂದ ಧ್ವನಿತಂತುಗಳಿಗೆ ಗಾಳಿ ತಾಕುತ್ತಿಲ್ಲ. ಮಾತಿಗೆ ಏಟು ಬಿದ್ದಿದ್ದರೆ ಅದು ತಂತಿಯಿಂದ.

ಬಾಯಿಂದಲೇ ಟ್ಯೂಬ್ ಹಾಕಬಹುದಿತ್ತಲ್ಲ ಎಂದು ಕೆಲವರು ವಾದಿಸುತ್ತಾರೆ. ಹರಿದ ಧ್ವನಿಪೆಟ್ಟಿಗೆಯಲ್ಲಿ ಟ್ಯೂಬ್ ಸೀಳಿನೊಳಗೆ ನುಗ್ಗಿ ದಾರಿ ತಪ್ಪಿದರೆ ಇದ್ದ ಉಸಿರೂ ನಿಲ್ಲುತ್ತದೆ. ಸ್ಕ್ಯಾನ್‌ಗೆ ಅಂಗಾತ ಮಲಗಿಸಿದಾಗಲೂ ಉಸಿರು ಕಟ್ಟಬಹುದು. ಅದಕ್ಕೇ ಎಚ್ಚರವಿರುವಾಗಲೇ, ಆ ಜಾಗವನ್ನಷ್ಟೇ ಮರಗಟ್ಟಿಸಿ ತೂತು ಹಾಕುತ್ತೇವೆ. ಆಮೇಲೆ ರಿಪೇರಿ: ಧ್ವನಿಪೆಟ್ಟಿಗೆಯ ಮುರಿದ ಮೃದ್ವಸ್ಥಿಗೆ (ಮೆದು ಮೂಳೆಗೆ) ಪುಟ್ಟ ಪ್ಲೇಟು, ಹರಿದ ಒಳಪೊರೆಗೆ ಕರಗುವ ದಾರದ ಹೊಲಿಗೆ. ಧ್ವನಿತಂತುಗಳು ಮುಂದೆ ಕೂಡುವ ಜಾಗ ಹರಿದಿದ್ದರೆ ಅವು ಒಂದಕ್ಕೊಂದು ಅಂಟದಂತೆ ನಡುವೆ ಸ್ಟೆಂಟ್ ಎಂಬ ಆಸರೆ ಇಟ್ಟು, ಸುಮಾರು ಎರಡು ವಾರಕ್ಕೆ ತೆಗೆಯುತ್ತೇವೆ. ಇದೆಲ್ಲ 24 ಗಂಟೆಯೊಳಗೆ ಆದಷ್ಟೂ ಒಳ್ಳೆಯದು. ತಡವಾದರೆ ಗಾಯ ಗಡಸುಗಟ್ಟಿ ಉಸಿರಿನ ದಾರಿ ಕಿರಿದಾಗುತ್ತದೆ.

ಮೇಲಿನ ದಾರಿ ತೆರೆದಿದೆ ಎಂದು ಖಚಿತವಾದ ಮೇಲೆ ಟ್ಯೂಬ್ ತೆಗೆಯುತ್ತಾರೆ. ತೂತು ಬಹುತೇಕ ತಾನೇ ಮುಚ್ಚಿಕೊಳ್ಳುತ್ತದೆ. ಧ್ವನಿ ಮೊದಲಿನಂತೆಯೇ ಆಗುತ್ತದೆಂದು ಮಾತ್ರ ನಾನು ಭರವಸೆ ಕೊಡಲಾರೆ. ಧ್ವನಿತಂತುವಿನ ನರಕ್ಕೆ ಪೆಟ್ಟಾಗಿದ್ದರೆ ತಿಂಗಳುಗಟ್ಟಲೆ ಕಾಯಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿ ತರಬೇತಿ ಸಿಗುತ್ತದೆ. ಯಾರೋ ಹೇಳಿದರೆಂದು ಟ್ಯೂಬಿಗೆ ಬೆರಳಿಟ್ಟು ಮಾತಾಡಿಸಲು ಹೋಗಬೇಡಿ. ನಿಮ್ಮ ವೈದ್ಯರು ಒಪ್ಪುವವರೆಗೆ ಅದು ಪ್ರಾಣಾಪಾಯ.

ಪ್ರಶ್ನೆ: ಗಾಳಿಪಟದ ಮಾಂಜಾ ದಾರ ಕುತ್ತಿಗೆ ಕೊಯ್ದರೆ ಅರಿಶಿನ ಹಚ್ಚಬಹುದೇ?

ಉತ್ತರ: ಬೇಡ. ರಕ್ತ ಬರುವ ಕಡೆ ಶುಭ್ರ ಬಟ್ಟೆ ಒತ್ತಿ ಹಿಡಿದು ಹೊರಡಿ, ನೀರು ಕುಡಿಸಬೇಡಿ.

ಪ್ರಶ್ನೆ: ನಿನ್ನೆ ಮಗಳ ವೇಲ್ ಬೈಕಿನ ಚಕ್ರಕ್ಕೆ ಸಿಕ್ಕಿ ಕುತ್ತಿಗೆ ಬಿಗಿಯಿತು. ಗಾಯವಿಲ್ಲ, ಧ್ವನಿ ಗೊಗ್ಗರಾಗಿದೆ. ಎಣ್ಣೆ ಹಾಕಿ ನೀವಿಸುತ್ತಿದ್ದೇವೆ. ಸಾಕೇ?

ಉತ್ತರ: ನೀವುವವರನ್ನು ಮೊದಲು ಮನೆಗೆ ಕಳಿಸಿ. ಒಳಗೆ ಮೃದ್ವಸ್ಥಿ ಮುರಿದಿದ್ದರೂ ಚರ್ಮ ನೆಟ್ಟಗೇ ಇರಬಹುದು. ತಿಕ್ಕಿದರೆ ಮುರಿದದ್ದು ಸರಿಯುತ್ತದೆ. ಧ್ವನಿ ಬದಲಾಗಿರುವುದೇ ಸಾಕಷ್ಟು ಎಚ್ಚರಿಕೆ. ಕುತ್ತಿಗೆ ಊದಿ, ಮುಟ್ಟಿದರೆ ಚರ್ಮದಡಿ ಚರಚರ ಎನ್ನುತ್ತಿದ್ದರೆ ಗಾಳಿ ಸೋರುತ್ತಿದೆ ಎಂದರ್ಥ. ಉಸಿರು ಕಷ್ಟವಾಗಲಿ ಎಂದು ಕಾಯಬೇಡಿ. ಈಗಲೇ, ಇಎನ್‌ಟಿ ಸರ್ಜನ್ ಇರುವ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ.